ಜಾಲ ಪ್ರವೇಶ ನೀತಿಯಲ್ಲಿ ಬಹುಕವಲು ನಿಯಮ

ಒಂದು ಸಂಸ್ಥೆಯ ಕಂಪ್ಯೂಟರ್ ಜಾಲಕ್ಕೆ ಯಾರು ಬರಬಹುದು, ಯಾವ ಸಾಧನದಿಂದ ಬರಬಹುದು, ಬಂದ ಮೇಲೆ ಎಲ್ಲಿಯ ತನಕ ಹೋಗಬಹುದು ಎಂದು ತೀರ್ಮಾನಿಸುವ ನಿಯಮಗಳ ಕಟ್ಟಿಗೆ ಜಾಲ ಪ್ರವೇಶ ನೀತಿ ಎಂದು ಹೆಸರು. ಈ ನಿಯಮಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ಮೊದಲನೆಯದು ಸರಣಿ: ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಮುಂದಿನ ನಿಯಮ ನೋಡು ಎಂದು ಒಂದರ ಕೆಳಗೊಂದು ಪೋಣಿಸುತ್ತ ಹೋಗುವುದು. ಎರಡನೆಯದು ಬಹುಕವಲು: ಮೊದಲೇ ಒಂದು ಪ್ರಶ್ನೆ ಕೇಳಿ, ಅದಕ್ಕೆ ಬರಬಹುದಾದ ಉತ್ತರಗಳನ್ನೆಲ್ಲ ಎಣಿಸಿ, ಪ್ರತಿ ಉತ್ತರಕ್ಕೂ ಒಂದೊಂದು ದಾರಿ ಗೊತ್ತುಮಾಡುವುದು. ಮಂಗಳೂರಿನಿಂದ ಬಿ.ಸಿ. ರೋಡಿಗೆ ಬಂದು ಘಟ್ಟ ಹತ್ತಬೇಕಾದ ಬಸ್ಸು ಮಾಣಿಯ ದಾರಿ ಹಿಡಿಯಬೇಕು, ಇಲ್ಲವೇ ಬೆಳ್ತಂಗಡಿಯ ದಾರಿ ಹಿಡಿಯಬೇಕು. ಎರಡರಲ್ಲೂ ಒಟ್ಟಿಗೆ ಹೋಗಲಾರದು. ಬಹುಕವಲು ನಿಯಮದ ಲಕ್ಷಣವೂ ಇದೇ. ಎರಡೂ ಬಗೆಯಲ್ಲಿ ಬರೆದ ನೀತಿಗಳು ಯಂತ್ರಕ್ಕೆ ಒಂದೇ ಫಲ ಕೊಡಬಹುದು. ಆದರೆ ಅವನ್ನು ಓದಿ, ತಿದ್ದಿ, ‘ನನಗೇಕೆ ಸಂಪರ್ಕ ಸಿಗಲಿಲ್ಲ’ ಎಂದು ಬಂದವರಿಗೆ ಉತ್ತರ ಹೇಳಬೇಕಾದವರ ಪಾಲಿಗೆ ಇವೆರಡರ ನಡುವೆ ದೊಡ್ಡ ಅಂತರವಿದೆ. ನೀತಿಯೊಂದು ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆಯೇ, ಒಬ್ಬರಿಗೆ ಒಂದೇ ಉತ್ತರ ಕೊಡುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಬಹುಕವಲಿನ ರೂಪದಲ್ಲಿ ಕಣ್ಣಿಗೆ ಕಾಣುವ ಉತ್ತರವಿರುತ್ತದೆ. ಸರಣಿಯಲ್ಲಿ ಆ ಉತ್ತರವನ್ನು ಹುಡುಕಿ ತೆಗೆಯಬೇಕಾಗುತ್ತದೆ. ಈ ಲೇಖನ ಆ ವ್ಯತ್ಯಾಸವನ್ನು ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಂಥ ಊರುಗಳ ಅಗತ್ಯವನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಹಿನ್ನೆಲೆ

ಬಹುಕವಲಿನ ಕಲ್ಪನೆ ಜಾಲಗಳಿಗಿಂತ ಹಳೆಯದು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿಯೇ ಒಂದು ಸಂಖ್ಯೆ ಋಣವೋ, ಸೊನ್ನೆಯೋ, ಧನವೋ ಎಂದು ನೋಡಿ ಮೂರು ಕಡೆಗೆ ಕವಲೊಡೆಯುವ ಹೇಳಿಕೆ ಇತ್ತು. ಇಂದು ಪರಿಚಿತವಾಗಿರುವ ‘ಕೇಸ್’ ರೂಪವನ್ನು 1960ರ ದಶಕದ ನಡುವೆ ಸಿ.ಎ.ಆರ್. ಹೋರ್ ಮುಂದಿಟ್ಟರು; ಅದು ನಿಕ್ಲಾಸ್ ವಿರ್ತ್ ಜೊತೆ ಅವರು ರೂಪಿಸಿದ ಆಲ್ಗಾಲ್-ಡಬ್ಲ್ಯೂ ಭಾಷೆಯಲ್ಲಿ ನೆಲೆಗೊಂಡಿತು. 1970ರ ದಶಕದ ಆರಂಭದಲ್ಲಿ ಬಂದ ಸಿ ಭಾಷೆ ‘ಸ್ವಿಚ್’ ಎಂಬ ಹೆಸರಿನಲ್ಲಿ ಅದನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿತು. ಜಾಲದ ಕೇಬಲ್‌ಗಳನ್ನು ಸಿಕ್ಕಿಸುವ ಪೆಟ್ಟಿಗೆಗೂ ಸ್ವಿಚ್ ಎಂದೇ ಹೆಸರಿರುವುದರಿಂದ, ಈ ಲೇಖನದಲ್ಲಿ ಭಾಷೆಯ ಹೇಳಿಕೆಯನ್ನು ‘ಕೇಸ್ ಹೇಳಿಕೆ’ ಎಂದು ಕರೆದಿದೆ. ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಪ್ರಕಟಿಸಿದ ಕಾವಲು ಆಜ್ಞೆಗಳ ಪ್ರಬಂಧ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೊಟ್ಟ ಯಾವ ಕವಲೂ ಹೊಂದದಿದ್ದರೆ ಸುಮ್ಮನೆ ಮುಂದೆ ಸಾಗಬಾರದು, ಅಲ್ಲಿಯೇ ನಿಲ್ಲಬೇಕು ಎಂಬುದು ಅವರ ನಿಲುವು. ಅದೇ ವರ್ಷ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಮಾಹಿತಿ ರಕ್ಷಣೆಯ ಕುರಿತ ತಮ್ಮ ಪ್ರಬಂಧದಲ್ಲಿ, ಪ್ರವೇಶಕ್ಕೆ ಸ್ಪಷ್ಟ ಅನುಮತಿ ಬೇಕು, ಅನುಮತಿ ಹೇಳದಿದ್ದ ಕಡೆ ನಿರಾಕರಣೆಯೇ ಸಹಜ ಸ್ಥಿತಿಯಾಗಿರಬೇಕು ಎಂಬ ತತ್ತ್ವವನ್ನು ಮಂಡಿಸಿದರು. ಭಾಷಾ ವಿನ್ಯಾಸ ಮತ್ತು ಭದ್ರತೆ ಎಂಬ ಬೇರೆಬೇರೆ ಕ್ಷೇತ್ರಗಳಿಂದ ಹೊರಟ ಈ ಎರಡು ಮಾತುಗಳು ಕೂಡುವ ಜಾಗವೇ ಪ್ರವೇಶ ನೀತಿಯ ಕೊನೆಯ ಕವಲು.

ಜಾಲದ ಬಾಗಿಲಲ್ಲಿ ಈ ತೀರ್ಮಾನವನ್ನು ಹೊತ್ತು ತರುವ ವ್ಯವಸ್ಥೆ ರೇಡಿಯಸ್. 1990ರ ದಶಕದ ಆರಂಭದಲ್ಲಿ ಡಯಲ್-ಅಪ್ ಸಂಪರ್ಕಗಳಿಗಾಗಿ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ರೂಪಿಸಿದ ಈ ಪ್ರೋಟೊಕಾಲ್ 2000ದ ಜೂನ್‌ನಲ್ಲಿ ಆರ್‌ಎಫ್‌ಸಿ 2865 ಎಂಬ ದಾಖಲೆಯಲ್ಲಿ ಈಗಿನ ರೂಪ ಪಡೆಯಿತು. 2001ರಲ್ಲಿ ಬಂದ ಐಟ್ರಿಪಲ್‌ಇ 802.1ಎಕ್ಸ್ ಮಾನದಂಡ ಅದನ್ನು ಕಚೇರಿ, ಕಾಲೇಜುಗಳ ಕೇಬಲ್ ಮತ್ತು ವೈಫೈ ಜಾಲಗಳಿಗೆ ತಂದಿತು. ಲ್ಯಾಪ್‌ಟಾಪ್ ಅಥವಾ ಮೊಬೈಲ್ ವೈಫೈಗೆ ಜೋಡಿಸಿದೊಡನೆ ಆಕ್ಸೆಸ್ ಪಾಯಿಂಟ್ ತಾನೇ ನಿರ್ಧರಿಸುವುದಿಲ್ಲ. ಬಂದವರ ವಿವರಗಳನ್ನು ರೇಡಿಯಸ್ ಸರ್ವರ್‌ಗೆ ಕಳಿಸಿ ಅದರ ಉತ್ತರಕ್ಕೆ ಕಾಯುತ್ತದೆ. ಉತ್ತರ ಮೂರು ಬಗೆ: ಒಪ್ಪಿದೆ, ನಿರಾಕರಿಸಿದೆ, ಇನ್ನಷ್ಟು ವಿವರ ಬೇಕು. ಒಪ್ಪಿದಾಗ ಜೊತೆಗೆ ಕೆಲವು ಗುಣಲಕ್ಷಣಗಳನ್ನೂ ಕಳಿಸಬಹುದು. ಇವುಗಳಲ್ಲಿ 64, 65, 81 ಸಂಖ್ಯೆಯ ಮೂರು ಗುಣಲಕ್ಷಣಗಳು ಸೇರಿ ಬಳಕೆದಾರರನ್ನು ಯಾವ ವಿಲ್ಯಾನ್‌ಗೆ, ಅಂದರೆ ಒಂದೇ ಕೇಬಲ್‌ಗಳ ಮೇಲೆ ಕಟ್ಟಿದ ಯಾವ ಪ್ರತ್ಯೇಕ ಒಳಜಾಲಕ್ಕೆ ಹಾಕಬೇಕೆಂದು ಹೇಳುತ್ತವೆ; 27ನೆಯದು ಸಂಪರ್ಕ ಎಷ್ಟು ಹೊತ್ತು ಇರಬೇಕೆಂದು ಹೇಳುತ್ತದೆ. ಹೌದು ಅಥವಾ ಇಲ್ಲ ಎಂದು ಮಾತ್ರ ಹೇಳುವ ಕಾಲ ಮುಗಿದು, ಹೌದಾದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದೂ ಹೇಳಬೇಕಾದಾಗ ಎರಡೇ ಕವಲಿನ ‘ಇದ್ದರೆ–ಇಲ್ಲದಿದ್ದರೆ’ ಸಾಲದಾಯಿತು. 1999ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಫ್ರೀರೇಡಿಯಸ್ ತನ್ನ 2.0 ಆವೃತ್ತಿಯಿಂದ ಅನ್‌ಲ್ಯಾಂಗ್ ಎಂಬ ಪುಟ್ಟ ನೀತಿ ಭಾಷೆಯನ್ನು ಸೇರಿಸಿಕೊಂಡಿತು. ಅದರಲ್ಲಿ ‘ಇದ್ದರೆ’ ಸರಣಿಯ ಜೊತೆ ಕೇಸ್ ಹೇಳಿಕೆಯೂ ಇದೆ.

ಮೂರು ತಾಲೂಕುಗಳ ಸಂದರ್ಭ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮಹಾನಗರದ ದೊಡ್ಡ ಐ.ಟಿ. ಪಾರ್ಕುಗಳಿಲ್ಲ. ಆದರೆ ಪ್ರವೇಶ ನೀತಿ ಬಹಳ ಜಾಗರೂಕತೆ ಬೇಡುವ ಬಗೆಯ ಸಂಸ್ಥೆಗಳು ಇಲ್ಲಿ ಒತ್ತಾಗಿವೆ. ಮಿಜಾರಿನ ಆಳ್ವಾಸ್ ಇಂಜಿನಿಯರಿಂಗ್ ಕಾಲೇಜು, ಬಡಗ ಮಿಜಾರಿನ ಮೈಟ್, ತೋಡಾರಿನ ಯೆನೆಪೋಯ ತಾಂತ್ರಿಕ ಸಂಸ್ಥೆ, ಉಜಿರೆಯ ಎಸ್‌ಡಿಎಂ ಶಿಕ್ಷಣ ಸಂಸ್ಥೆಗಳು, ಬೆಂಜನಪದವಿನ ಕೆನರಾ ಇಂಜಿನಿಯರಿಂಗ್ ಕಾಲೇಜು ಇವೆಲ್ಲ ಈ ಮೂರು ತಾಲೂಕುಗಳ ಪರಿಧಿಯೊಳಗೇ ಬರುತ್ತವೆ. ಇಂಥ ಕ್ಯಾಂಪಸ್‌ಗಳಲ್ಲಿ ತರಗತಿ, ಲ್ಯಾಬ್, ಕಚೇರಿ, ಹಾಸ್ಟೆಲ್, ಅತಿಥಿಗೃಹಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಕೇಬಲ್ ಜಾಲ ಹರಡಿರುತ್ತದೆ. ವಿದ್ಯಾರ್ಥಿ, ಉಪನ್ಯಾಸಕ, ಕಚೇರಿ ಸಿಬ್ಬಂದಿ, ವಾರ್ಡನ್, ಅತಿಥಿ ಇವರೆಲ್ಲರ ಅಗತ್ಯಗಳು ಬೇರೆ, ಅಪಾಯಗಳೂ ಬೇರೆ. ಅಂಕಪಟ್ಟಿ ಇರುವ ಸರ್ವರ್ ಮತ್ತು ಹಾಸ್ಟೆಲ್ ಕೋಣೆಯ ಮೊಬೈಲ್ ಒಂದೇ ಒಳಜಾಲದಲ್ಲಿರುವುದು ಯಾರಿಗೂ ಹಿತವಲ್ಲ.

ಅತಿಥಿಗಳ ಮಾತನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ಮತ್ತು ನುಡಿಸಿರಿಯಂಥ ಉತ್ಸವಗಳು ನಡೆದುಬಂದಿವೆ. 2022ರ ಡಿಸೆಂಬರ್‌ನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ದೇಶವಿದೇಶಗಳ ಮಕ್ಕಳು ಸಾವಿರಗಟ್ಟಲೆ ಬಂದು ಒಂದು ವಾರ ಅಲ್ಲಿಯೇ ತಂಗಿದ್ದರು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಕಾರ್ತಿಕ ಮಾಸದ ಲಕ್ಷದೀಪೋತ್ಸವದ ಹೊತ್ತಿಗೆ ಜನಸಾಗರವೇ ಸೇರುತ್ತದೆ. ಊರಿನವರ ಸಂಖ್ಯೆಗಿಂತ ಬಂದುಹೋಗುವವರ ಸಂಖ್ಯೆ ಹೆಚ್ಚಾಗುವ ಇಂಥ ದಿನಗಳಲ್ಲಿ ‘ಅತಿಥಿ’ ಎಂಬ ವರ್ಗವನ್ನು ನೀತಿಯ ಅಡಿಟಿಪ್ಪಣಿಯಾಗಿ ಬರೆದಿಟ್ಟರೆ ಸಾಲದು; ಅದು ಮುಖ್ಯ ಕವಲುಗಳಲ್ಲಿ ಒಂದಾಗಬೇಕು. ಸರ್ಕಾರಿ ಕಚೇರಿಗಳ ಕಡೆ ನೋಡಿದರೂ ಇದೇ ಅಗತ್ಯ ಕಾಣುತ್ತದೆ. ಕರ್ನಾಟಕದ ಎಲ್ಲ ತಾಲೂಕು ಕೇಂದ್ರಗಳಂತೆ ಇಲ್ಲಿನ ಕಂದಾಯ ಕಚೇರಿಗಳೂ ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಕಂಪ್ಯೂಟರ್‌ನಲ್ಲಿ ನಿರ್ವಹಿಸುತ್ತವೆ. 2000ದ ದಶಕದ ಆರಂಭದಲ್ಲಿಯೇ ಆ ಯೋಜನೆ ಬೆರಳಚ್ಚಿನ ಲಾಗಿನ್ ತಂದು, ದಾಖಲೆಯನ್ನು ಯಾರು ತಿದ್ದಿದರೆಂಬುದಕ್ಕೆ ಹೊಣೆ ನಿಗದಿಮಾಡಿತ್ತು. ಹುದ್ದೆಗೆ ತಕ್ಕ ಪ್ರವೇಶ ಎಂಬ ಕಲ್ಪನೆ ಇಲ್ಲಿನ ರೈತರಿಗೂ ಹೊಸದಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಕವಲು ಕೆಲಸ ಮಾಡುವ ಬಗೆ

ಇಂಥ ವಸತಿ ಕ್ಯಾಂಪಸ್ ಒಂದಕ್ಕೆ ಅನ್‌ಲ್ಯಾಂಗ್‌ನಲ್ಲಿ ನೀತಿ ಬರೆಯುವುದಾದರೆ ಅದರ ನಡುಭಾಗ ಹೀಗಿರಬಹುದು. ಪಾಸ್‌ವರ್ಡ್ ಸರಿಯೆಂದು ತಿಳಿದ ಮೇಲೆ ಸರ್ವರ್ ಒಂದೇ ಪ್ರಶ್ನೆ ಕೇಳುತ್ತದೆ: ಈ ಬಳಕೆದಾರರ ವರ್ಗ ಯಾವುದು? ‘ವಿದ್ಯಾರ್ಥಿ’ ಎಂದಾದರೆ ವಿಲ್ಯಾನ್ 20. ‘ಬೋಧಕ’ ಎಂದಾದರೆ 30. ‘ಕಚೇರಿ’ ಎಂದಾದರೆ 40. ‘ವಾರ್ಡನ್’ ಎಂದಾದರೆ 50. ‘ಅತಿಥಿ’ ಎಂದಾದರೆ 90 ಮತ್ತು ಎಂಟು ಗಂಟೆಗಳ ಅವಧಿ. ಇವು ಯಾವುವೂ ಅಲ್ಲವೆಂದರೆ ನಿರಾಕರಣೆ. ಕೇಸ್ ಹೇಳಿಕೆಯ ಒಳಗೆ ಕೇಸ್‌ಗಳ ಹೊರತು ಬೇರೇನನ್ನೂ ಬರೆಯಲು ಆ ಭಾಷೆ ಬಿಡುವುದಿಲ್ಲ. ಹೊಂದಿದ ಕೇಸಿನ ಸಾಲುಗಳು ಮುಗಿದೊಡನೆ ಹೇಳಿಕೆಯೂ ಮುಗಿಯುತ್ತದೆ. ಸಿ ಭಾಷೆಯಲ್ಲಿ ಆಗುವಂತೆ ಮುಂದಿನ ಕೇಸಿಗೆ ಜಾರುವುದಿಲ್ಲ. ಹೆಸರಿಲ್ಲದ ಖಾಲಿ ಕೇಸ್ ಉಳಿದವರೆಲ್ಲರ ಕವಲು. ಇಡೀ ನೀತಿಯನ್ನು ಕಾಗದದ ಅರ್ಧ ಪುಟದಲ್ಲಿ ಮುದ್ರಿಸಿ ಪ್ರಾಂಶುಪಾಲರ ಮೇಜಿನ ಮೇಲಿಟ್ಟರೆ, ಪ್ರೋಗ್ರಾಮಿಂಗ್ ಗೊತ್ತಿಲ್ಲದಿದ್ದರೂ ಅವರು ಅದನ್ನು ಓದಿ ‘ನಿವೃತ್ತ ಬೋಧಕರು ಎಲ್ಲಿ?’ ಎಂದು ಕೇಳಬಲ್ಲರು. ಆ ಪ್ರಶ್ನೆ ಹುಟ್ಟಲು ಅವಕಾಶ ಕೊಡುವುದೇ ಈ ರೂಪದ ದೊಡ್ಡ ಉಪಕಾರ.

ಪ್ರಶ್ನೆಯನ್ನು ಆರಿಸುವುದರಲ್ಲಿಯೇ ನೀತಿಯ ಅರ್ಧ ಗುಣ ಅಡಗಿದೆ. ಕೆಲವು ವರ್ಷಗಳ ಹಿಂದಿನ ತನಕ ಸಾಧನದ ಮ್ಯಾಕ್ ವಿಳಾಸವನ್ನು, ಅಂದರೆ ಅದರ ಜಾಲ ಯಂತ್ರಾಂಶದ ಗುರುತುಸಂಖ್ಯೆಯನ್ನು ನೋಡಿ ಕವಲೊಡೆಯುವ ರೂಢಿ ವ್ಯಾಪಕವಾಗಿತ್ತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಪ್ರತಿ ವೈಫೈ ಜಾಲಕ್ಕೂ ಬೇರೆಬೇರೆ ಯಾದೃಚ್ಛಿಕ ಮ್ಯಾಕ್ ವಿಳಾಸ ತೋರಿಸುವುದನ್ನು ಸಹಜ ಸ್ಥಿತಿಯಾಗಿಸಿದ ಮೇಲೆ ಆ ಪ್ರಶ್ನೆಯ ಉತ್ತರಕ್ಕೆ ಬೆಲೆ ಇಳಿಯಿತು. ಬಳಕೆದಾರರ ವರ್ಗ, ಸಂಪರ್ಕದ ಬಗೆ, ಬಳಕೆದಾರರು ಸೇರಿರುವ ಹೋಮ್ ಸಂಸ್ಥೆ ಇವು ಹೆಚ್ಚು ಬಾಳಿಕೆ ಬರುವ ಪ್ರಶ್ನೆಗಳು. ಸಂಪರ್ಕದ ಬಗೆಯನ್ನು ರೇಡಿಯಸ್‌ನ 61ನೆಯ ಗುಣಲಕ್ಷಣ ಹೇಳುತ್ತದೆ: 15 ಎಂದರೆ ಈಥರ್ನೆಟ್ ಕೇಬಲ್, 19 ಎಂದರೆ ವೈಫೈ. ಹೋಮ್ ಸಂಸ್ಥೆಯ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಎಜುರೋಮ್. ಯೂರೋಪಿನಲ್ಲಿ 2000ದ ದಶಕದ ಆರಂಭದಲ್ಲಿ ಮೊದಲಾದ, ಭಾರತದಲ್ಲಿ ಅರ್ನೆಟ್ ಇಂಡಿಯಾ ನಡೆಸುವ ಈ ವ್ಯವಸ್ಥೆಯಲ್ಲಿ ಬಳಕೆದಾರರ ಹೆಸರಿನ ‘ಅಟ್’ ಚಿಹ್ನೆಯ ನಂತರದ ಭಾಗವನ್ನು ನೋಡಿ ಸರ್ವರ್ ಕವಲೊಡೆಯುತ್ತದೆ. ಸ್ವಂತ ಸಂಸ್ಥೆಯ ಹೆಸರಿದ್ದರೆ ತಾನೇ ಪರೀಕ್ಷಿಸುತ್ತದೆ. ಬೇರೆ ಸಂಸ್ಥೆಯ ಹೆಸರಿದ್ದರೆ ರಾಷ್ಟ್ರೀಯ ಸರ್ವರ್‌ಗೆ ಕಳಿಸುತ್ತದೆ. ಹೆಸರೇ ಇಲ್ಲದಿದ್ದರೆ ನಿರಾಕರಿಸುತ್ತದೆ. ದೇಶದೇಶಗಳ ವಿಶ್ವವಿದ್ಯಾಲಯಗಳನ್ನು ಜೋಡಿಸುವ ಇಂಥ ದೊಡ್ಡ ವ್ಯವಸ್ಥೆಯ ಬಾಗಿಲಿನ ನಿಯಮ ಇಷ್ಟು ಚಿಕ್ಕದಾಗಿರಲು ಕಾರಣ, ಅದು ಸರಿಯಾದ ಒಂದೇ ಪ್ರಶ್ನೆಯನ್ನು ಕೇಳುವುದು.

ಸರಣಿಯ ದೋಷಗಳು

ಸರಣಿ ನಿಯಮಗಳ ತೊಂದರೆ ಅವುಗಳ ಕ್ರಮದಲ್ಲಿದೆ. ಒಂದು ನಿಯಮದ ಅರ್ಥ ಅದರ ಸಾಲಿನಲ್ಲಷ್ಟೇ ಇರದೆ ಅದರ ಮೇಲಿನ ಎಲ್ಲ ಸಾಲುಗಳಲ್ಲೂ ಹಂಚಿಹೋಗಿರುತ್ತದೆ. ಇದನ್ನು ಹತ್ತಿರದಿಂದ ನೋಡಲು ಒಂದು ಕಲ್ಪಿತ ಸರಣಿಯನ್ನು ತೆಗೆದುಕೊಳ್ಳಬಹುದು. ನಾಲ್ಕನೆಯ ನಿಯಮ: ಹಾಸ್ಟೆಲ್‌ನ ಆಕ್ಸೆಸ್ ಪಾಯಿಂಟ್‌ಗಳಿಂದ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ಯಾರಿಗೂ ಸಂಪರ್ಕ ಬೇಡ. ಆರು ತಿಂಗಳ ನಂತರ ಸೇರಿಸಿದ ಒಂಬತ್ತನೆಯ ನಿಯಮ: ಹಾಸ್ಟೆಲ್‌ನಲ್ಲಿರುವ ವಾರ್ಡನ್‌ಗೆ ಆ ಹೊತ್ತಿನಲ್ಲೂ ಸಂಪರ್ಕ ಇರಲಿ. ಎರಡನ್ನೂ ಬಿಡಿಬಿಡಿಯಾಗಿ ಓದಿದರೆ ಸರಿಯಾಗಿಯೇ ಇವೆ. ಆದರೆ ರಾತ್ರಿ ಹನ್ನೆರಡಕ್ಕೆ ವಾರ್ಡನ್ ಲಾಗಿನ್ ಆದಾಗ ನಾಲ್ಕನೆಯ ನಿಯಮವೇ ಮೊದಲು ಹೊಂದುತ್ತದೆ; ಒಂಬತ್ತನೆಯದರ ಸರದಿ ಬರುವುದೇ ಇಲ್ಲ. ಮಗುವೊಂದಕ್ಕೆ ಹುಷಾರಿಲ್ಲದೆ ತುರ್ತಾಗಿ ಸಂಪರ್ಕ ಬೇಕಾದ ರಾತ್ರಿಯೇ ಈ ದೋಷ ಹೊರಬೀಳುತ್ತದೆ. ಎಹಾಬ್ ಅಲ್-ಶೇರ್ ಮತ್ತು ಹಾಜೆಮ್ ಹಮೀದ್ 2003–04ರ ತಮ್ಮ ಸಂಶೋಧನೆಯಲ್ಲಿ, ಜಾಲದ ಸಂಚಾರವನ್ನು ಸೋಸುವ ಫೈರ್‌ವಾಲ್ ನಿಯಮಗಳ ದೋಷಗಳನ್ನು ವರ್ಗೀಕರಿಸಿದಾಗ, ಮೇಲಿನ ನಿಯಮವೊಂದು ಕೆಳಗಿನದನ್ನು ಪೂರ್ತಿಯಾಗಿ ಮರೆಮಾಡುವ ಈ ಬಗೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಅನಗತ್ಯವಾಗಿ ಉಳಿದು ಬಳಕೆಯಿಲ್ಲದೆ ಕೂತ ನಿಯಮ, ಎರಡು ನಿಯಮಗಳ ಭಾಗಶಃ ಘರ್ಷಣೆ, ವಿಶೇಷ ನಿಯಮವನ್ನು ಒಳಗೊಳ್ಳುವ ಸಾಮಾನ್ಯ ನಿಯಮ ಇವು ಅವರ ಪಟ್ಟಿಯ ಉಳಿದ ಬಗೆಗಳು.

ಇಂಥ ದೋಷಗಳು ಪುಸ್ತಕದಲ್ಲಿ ಮಾತ್ರ ಇರುವಂಥವಲ್ಲ ಎಂದು ಅವಿಶಾಯ್ ವೂಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ನಿಜವಾದ ಸಂಸ್ಥೆಗಳು ಬಳಸುತ್ತಿದ್ದ 37 ಫೈರ್‌ವಾಲ್ ನಿಯಮಸಂಚಯಗಳನ್ನು ಅವರು ಪರೀಕ್ಷಿಸಿದರು. ನಿಯಮಗಳ ಸಂಕೀರ್ಣತೆ ಏರಿದ ಹಾಗೆ ತಪ್ಪುಗಳ ಸಂಖ್ಯೆಯೂ ಏರುತ್ತಿತ್ತು. ಚಿಕ್ಕ ಸಂಚಯಗಳೇ ಸುರಕ್ಷಿತವಾಗಿದ್ದವು. ಅದೇ ವರ್ಷ ಮೊಹಮ್ಮದ್ ಗೌಡಾ ಮತ್ತು ಅಲೆಕ್ಸ್ ಲಿಯು ಫೈರ್‌ವಾಲ್ ವಿನ್ಯಾಸವನ್ನು ನಿಯಮಗಳ ಸಾಲಿನಿಂದ ಆರಂಭಿಸದೆ, ಕವಲೊಡೆಯುವ ನಿರ್ಣಯ ನಕ್ಷೆಯಿಂದ ಆರಂಭಿಸಬೇಕೆಂದು ವಾದಿಸಿದರು. ಒಂದು ಗಂಟಿನಿಂದ ಹೊರಡುವ ಕವಲುಗಳು ಒಂದರ ಮೇಲೊಂದು ಬೀಳಬಾರದು, ಎಲ್ಲ ಸೇರಿ ಯಾವ ಸಾಧ್ಯತೆಯನ್ನೂ ಬಿಡಬಾರದು ಎಂಬ ಎರಡು ಷರತ್ತುಗಳನ್ನು ನಕ್ಷೆ ಪಾಲಿಸಿದರೆ, ಘರ್ಷಣೆಯಿಲ್ಲದಿರುವಿಕೆ ಮತ್ತು ಪೂರ್ಣತೆ ತಾವಾಗಿಯೇ ಸಿದ್ಧಿಸುತ್ತವೆ. ನಕ್ಷೆಯಿಂದ ಸರಣಿಯನ್ನು ಯಂತ್ರವೇ ಹುಟ್ಟಿಸಬಲ್ಲದು. ಮನುಷ್ಯರು ಕವಲಿನಲ್ಲಿ ಯೋಚಿಸಲಿ, ಯಂತ್ರ ಬೇಕಾದರೆ ಸರಣಿಯಲ್ಲಿ ನಡೆಸಲಿ ಎಂಬುದು ಈ ಸಂಶೋಧನೆಯ ಸಾರ. ಲಿನಕ್ಸ್‌ನ ಇತಿಹಾಸದಲ್ಲೂ ಇದೇ ದಿಕ್ಕಿನ ನಡೆ ಕಾಣುತ್ತದೆ. ಅದರ ಹಳೆಯ ಫೈರ್‌ವಾಲ್ ಸಾಧನವಾದ ಐಪಿಟೇಬಲ್ಸ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡುತ್ತಿತ್ತು. 2014ರ ಜನವರಿಯಲ್ಲಿ ಬಂದ 3.13 ಕರ್ನೆಲ್‌ನೊಡನೆ ಸೇರಿದ ಎನ್‌ಎಫ್‌ಟೇಬಲ್ಸ್‌ನಲ್ಲಿ, ಒಂದು ಮೌಲ್ಯವನ್ನು ಕೊಟ್ಟು ಅದಕ್ಕೆ ತಕ್ಕ ತೀರ್ಪನ್ನು ಒಂದೇ ಬಾರಿಗೆ ಹುಡುಕಿ ತೆಗೆಯುವ ತೀರ್ಪುನಕ್ಷೆ ಭಾಷೆಯ ಅಂಗವೇ ಆಯಿತು.

ಉಳಿದವರ ಕವಲು ಮತ್ತು ಉತ್ತರ ಸಿಗದ ಕವಲು

ಬಹುಕವಲು ನಿಯಮದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಹೆಸರಿಲ್ಲದ ಕೊನೆಯ ಕವಲು. ಫ್ರೀರೇಡಿಯಸ್‌ನಲ್ಲಿ ಕೇಳಿದ ಗುಣಲಕ್ಷಣವೇ ಇಲ್ಲದಿದ್ದರೆ ಸರ್ವರ್ ನೇರವಾಗಿ ಈ ಕೊನೆಯ ಕವಲಿಗೆ ಹೋಗುತ್ತದೆ. ಅಂದರೆ ವರ್ಗ ಬೇರೆಯಾಗಿರುವವರೂ, ವರ್ಗವನ್ನೇ ದಾಖಲಿಸದೆ ಬಿಟ್ಟವರೂ ಒಂದೇ ಕಡೆ ಬೀಳುತ್ತಾರೆ. ಕೊನೆಯ ಕವಲನ್ನೇ ಬರೆಯದಿದ್ದರೆ ಪರಿಣಾಮ ಇನ್ನೂ ಕೆಟ್ಟದು: ಕೇಸ್ ಹೇಳಿಕೆ ಏನನ್ನೂ ಮಾಡದೆ ಮುಗಿಯುತ್ತದೆ, ಪಾಸ್‌ವರ್ಡ್ ಸರಿಯಿದ್ದುದರಿಂದ ‘ಒಪ್ಪಿದೆ’ ಎಂಬ ಉತ್ತರ ವಿಲ್ಯಾನ್ ಸಂಖ್ಯೆಯಿಲ್ಲದೆ ಹೋಗುತ್ತದೆ, ಆಗ ಆ ಪೋರ್ಟ್‌ಗೆ ಮೊದಲೇ ಹೊಂದಿಸಿಟ್ಟ ಒಳಜಾಲದಲ್ಲಿಯೇ ಬಳಕೆದಾರರು ಕೂರುತ್ತಾರೆ. ಆ ಒಳಜಾಲ ಕಚೇರಿಯದ್ದಾಗಿದ್ದರೆ, ಯಾರೂ ಉದ್ದೇಶಿಸದ ಪ್ರವೇಶ ಯಾರಿಗೋ ಸಿಕ್ಕಿರುತ್ತದೆ. ಡೈಕ್‌ಸ್ಟ್ರಾ ನಿಲ್ಲಿಸಬೇಕೆಂದದ್ದು, ಸಾಲ್ಟ್‌ಜರ್–ಶ್ರೋಡರ್ ನಿರಾಕರಿಸಬೇಕೆಂದದ್ದು ಇಂಥ ಜಾಗದಲ್ಲಿಯೇ. ಆದ್ದರಿಂದ ಕೊನೆಯ ಕವಲು ಯಾವಾಗಲೂ ಇರಬೇಕು, ಎಲ್ಲಕ್ಕಿಂತ ಬಿಗಿಯಾಗಿರಬೇಕು, ಅಲ್ಲಿಗೆ ಬಂದ ಪ್ರತಿಯೊಬ್ಬರ ಹೆಸರೂ ದಾಖಲಾಗಬೇಕು. ಒಂದು ತಿಂಗಳ ದಾಖಲೆಯನ್ನು ತೆರೆದು ನೋಡಿದರೆ ನೀತಿ ಮರೆತ ವರ್ಗ ಯಾವುದೆಂದು ಅದೇ ಹೇಳುತ್ತದೆ.

ನಿರಾಕರಣೆಯೂ ಉತ್ತರ ಸಿಗದಿರುವುದೂ ಬೇರೆಬೇರೆ ಸ್ಥಿತಿಗಳು. ಪಶ್ಚಿಮಘಟ್ಟದ ಬುಡದ ಊರುಗಳಿಗೆ ಈ ವ್ಯತ್ಯಾಸ ಪುಸ್ತಕದ ಮಾತಾಗಿ ಉಳಿಯಲಾರದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು, ಬೆಳ್ತಂಗಡಿ ತಾಲೂಕಿನ ಹಳ್ಳಿಗಳು ನೆರೆಗೆ ಸಿಕ್ಕಿದ್ದವು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು, ಸಿಡಿಲಿಗೆ ಉಪಕರಣ ಸುಡುವುದು, ಕೇಬಲ್ ತುಂಡಾಗುವುದು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಸಂಗತಿಗಳು. ರೇಡಿಯಸ್ ಸರ್ವರ್ ದೂರದ ಊರಿನಲ್ಲಿದ್ದು ಸಂಪರ್ಕ ಕಡಿದಾಗ ಆಕ್ಸೆಸ್ ಪಾಯಿಂಟ್ ಮತ್ತೆ ಮತ್ತೆ ಕೇಳಿ, ಎರಡನೆಯ ಸರ್ವರ್ ಇದ್ದರೆ ಅದನ್ನೂ ಕೇಳಿ ಕೊನೆಗೆ ಕೈಚೆಲ್ಲುತ್ತದೆ. ಆಗ ಎಲ್ಲರಿಗೂ ಬಾಗಿಲು ಮುಚ್ಚಬೇಕೇ, ಎಲ್ಲರಿಗೂ ತೆರೆಯಬೇಕೇ? ಎರಡೂ ತಪ್ಪು ಉತ್ತರಗಳು. ಪ್ರವೇಶ ನೀತಿಗಳ ಭಾಷೆಯಾದ ಎಕ್ಸ್‌ಎಸಿಎಂಎಲ್‌ನಲ್ಲಿ ಇದಕ್ಕೊಂದು ಒಳ್ಳೆಯ ಮಾದರಿಯಿದೆ. ಒಯಾಸಿಸ್ ಸಂಸ್ಥೆ 2003ರಲ್ಲಿ ಮಾನ್ಯ ಮಾಡಿ 2013ರಲ್ಲಿ 3.0 ಆವೃತ್ತಿಗೆ ತಂದ ಆ ಭಾಷೆಯಲ್ಲಿ ತೀರ್ಪುಗಳು ನಾಲ್ಕು: ಅನುಮತಿ, ನಿರಾಕರಣೆ, ಈ ನೀತಿ ಅನ್ವಯಿಸುವುದಿಲ್ಲ, ನಿರ್ಧರಿಸಲಾಗಲಿಲ್ಲ. ನಾಲ್ಕನೆಯದಕ್ಕೆ ಪ್ರತ್ಯೇಕ ಕವಲು ಬರೆದಿಟ್ಟ ಕ್ಯಾಂಪಸ್, ಸರ್ವರ್ ಸಿಗದ ಹೊತ್ತಿನಲ್ಲಿ ಎಲ್ಲರಿಗೂ ಇಂಟರ್ನೆಟ್ ಮಾತ್ರ ಕೊಟ್ಟು ಒಳಗಿನ ಸರ್ವರ್‌ಗಳನ್ನು ಮುಚ್ಚಿಡಬಹುದು. ನೆರೆಯ ದಿನ ಮನೆಯವರಿಗೆ ಸುದ್ದಿ ಮುಟ್ಟಿಸಬೇಕಾದ ವಿದ್ಯಾರ್ಥಿಗೆ ಅಷ್ಟು ಸಾಕು, ಅಂಕಪಟ್ಟಿಗೂ ಅಪಾಯವಿಲ್ಲ.

ಆಕ್ಷೇಪಗಳು

ಬಹುಕವಲೇ ಅಪಾಯಕರ ಎಂಬ ಆಕ್ಷೇಪಕ್ಕೆ ಇತಿಹಾಸದಲ್ಲಿ ಗಟ್ಟಿ ಆಧಾರವಿದೆ. 1990ರ ಜನವರಿ 15ರಂದು ಅಮೆರಿಕದ ಎಟಿ ಆ್ಯಂಡ್ ಟಿ ಸಂಸ್ಥೆಯ ದೂರದೂರಿನ ದೂರವಾಣಿ ಜಾಲ ಸುಮಾರು ಒಂಬತ್ತು ಗಂಟೆ ಕುಸಿದು ಬಿತ್ತು. 114 ವಿನಿಮಯ ಕೇಂದ್ರಗಳು ಒಂದನ್ನೊಂದು ಬೀಳಿಸುತ್ತ ಹೋದವು. ಮೂಲ ಕಾರಣ ಸಿ ಭಾಷೆಯ ಕೇಸ್ ಹೇಳಿಕೆಯೊಳಗೆ ತಪ್ಪು ಜಾಗದಲ್ಲಿದ್ದ ಒಂದು ‘ಬ್ರೇಕ್’. ಆದರೆ ಈ ಘಟನೆ ದೂರುವುದು ಸಿ ಭಾಷೆಯ ವಿನ್ಯಾಸವನ್ನು. ಕೇಸಿನಿಂದ ಹೊರಬರಲು ಪ್ರತ್ಯೇಕ ಆಜ್ಞೆ ಬೇಕಾದ ಕಡೆ, ಅದು ತಪ್ಪಿದರೆ ಅಥವಾ ಬೇರೆಡೆ ಬಿದ್ದರೆ ಅನಾಹುತವಾಗುತ್ತದೆ. ಅನ್‌ಲ್ಯಾಂಗ್‌ನಂಥ ನೀತಿ ಭಾಷೆಗಳು ಆ ಆಜ್ಞೆಯನ್ನೇ ಕೇಸ್‌ನಿಂದ ತೆಗೆದುಹಾಕಿ, ಒಂದು ಕೇಸ್ ಮುಗಿದೊಡನೆ ತಾವೇ ಹೊರಬರುತ್ತವೆ. ಕವಲುಗಳು ನಿಜಕ್ಕೂ ಬೇರ್ಪಟ್ಟಿರಬೇಕು ಎಂಬ ನಮ್ಮ ವಾದಕ್ಕೆ 1990ರ ಘಟನೆ ಬಲವನ್ನೇ ಕೊಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ನಿಜ ಜೀವನದಲ್ಲಿ ಒಬ್ಬರು ಒಂದೇ ವರ್ಗಕ್ಕೆ ಸೇರಿರುವುದಿಲ್ಲ. ಪಿಎಚ್.ಡಿ. ಮಾಡುತ್ತಿರುವವರು ಬೋಧಕರೂ ಆಗಿರಬಹುದು. ಬೋಧಕರೊಬ್ಬರು ವಾರ್ಡನ್ ಕೂಡ ಆಗಿರಬಹುದು. ವರ್ಗದ ಜೊತೆ ಸ್ಥಳ, ಸಮಯ, ಸಾಧನಗಳೂ ತೀರ್ಮಾನದಲ್ಲಿ ಪಾಲು ಕೇಳುತ್ತವೆ. ಐದು ವರ್ಗ, ನಾಲ್ಕು ಸ್ಥಳ, ಮೂರು ಹೊತ್ತು ಎಂದರೆ 60 ಕವಲುಗಳಾಗುತ್ತವೆ. ಇದಕ್ಕೆ ಉತ್ತರ, ವರ್ಗೀಕರಣವನ್ನೂ ತೀರ್ಮಾನವನ್ನೂ ಬೇರೆಬೇರೆ ಹಂತಗಳಾಗಿ ಇಡುವುದು. ಇಬ್ಬಗೆಯ ಪಾತ್ರವಿರುವವರಿಗೆ ಜಾಲದ ಮಟ್ಟಿಗೆ ಮುಖ್ಯ ಪಾತ್ರ ಯಾವುದೆಂದು ಕಾಲೇಜಿನ ಕಚೇರಿ ನೋಂದಣಿಯ ಹೊತ್ತಿಗೇ ನಿರ್ಧರಿಸಲಿ. ಜಾಲದ ಬಾಗಿಲಲ್ಲಿ ಆ ನಿರ್ಧಾರವನ್ನು ಓದಿದರೆ ಸಾಕು. ಎರಡು ಪಾತ್ರಗಳ ಘರ್ಷಣೆ ಆಡಳಿತದ ಪ್ರಶ್ನೆ. ಅದನ್ನು ಸರಣಿಯ ನಿಯಮಗಳ ಕ್ರಮದೊಳಗೆ ಹೂತಿಟ್ಟರೆ ಸಿಸ್ಟಮ್ ಅಡ್ಮಿನ್ ಒಬ್ಬರು ಯಾರಿಗೂ ಗೊತ್ತಾಗದಂತೆ ಆಡಳಿತದ ತೀರ್ಮಾನ ತೆಗೆದುಕೊಂಡ ಹಾಗಾಗುತ್ತದೆ. ಇನ್ನು 60 ಕವಲುಗಳ ಭಯ. ಹೊತ್ತಿನ ನಿರ್ಬಂಧ ಹಾಸ್ಟೆಲ್‌ನ ವಿದ್ಯಾರ್ಥಿಗಳಿಗೆ ಮಾತ್ರ ಇದ್ದರೆ ಹೊತ್ತಿನ ಪ್ರಶ್ನೆಯನ್ನು ಆ ಒಂದು ಕವಲಿನೊಳಗಷ್ಟೇ ಕೇಳಬೇಕು. ಉಳಿದ ಕವಲುಗಳಿಗೆ ಅದರ ಗೊಡವೆ ಬೇಡ. ಹೀಗೆ ಕವಲಿನೊಳಗೆ ಕವಲು ಬರೆದರೆ 60ರ ಬದಲು ಹತ್ತಕ್ಕಿಂತ ಕಡಿಮೆ ತುದಿಗಳಲ್ಲಿ ಕೆಲಸ ಮುಗಿಯುತ್ತದೆ, ಮೇಲೆ ಹೇಳಿದ ವಾರ್ಡನ್ ಸಮಸ್ಯೆಯೂ ಹುಟ್ಟುವುದಿಲ್ಲ. ಎರಡು ಹಂತಕ್ಕಿಂತ ಆಳಕ್ಕೆ ಇಳಿಯಬೇಕಾಗಿ ಬಂದರೆ ನೀತಿಯನ್ನೇ ಮರುಪರಿಶೀಲಿಸುವುದು ಒಳ್ಳೆಯದು.

ಮೂರನೆಯ ಆಕ್ಷೇಪ ಉಪಕರಣಗಳದ್ದು. ಮಾರುಕಟ್ಟೆಯ ಹೆಚ್ಚಿನ ಫೈರ್‌ವಾಲ್‌ಗಳೂ ಪ್ರವೇಶ ನಿಯಂತ್ರಣ ವ್ಯವಸ್ಥೆಗಳೂ ಮೊದಲು ಹೊಂದಿದ ನಿಯಮವೇ ಅಂತಿಮ ಎಂಬ ಸರಣಿಯ ರೂಪದಲ್ಲಿಯೇ ನಿಯಮ ಬೇಡುತ್ತವೆ. ಕೊನೆಯಲ್ಲಿ ಬರೆಯದೆಯೂ ನಿರಾಕರಣೆ ಇರುವ ಸಿಸ್ಕೋದ ಪ್ರವೇಶ ಪಟ್ಟಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಭಾರತದ ಕಾಲೇಜುಗಳಿಗೆ ಬಳಕೆದಾರರ ಹೆಸರಿನ ಮೇಲೆ ನಿಯಮ ಬರೆಯುವ ಫೈರ್‌ವಾಲನ್ನು ಪರಿಚಯಿಸಿದವುಗಳಲ್ಲಿ ಅಹಮದಾಬಾದಿನ ಸೈಬರೋಮ್ ಒಂದು. 2014ರಲ್ಲಿ ಸೋಫೋಸ್ ಅದನ್ನು ಕೊಂಡಿತು. ಅಲ್ಲಿಯೂ ನಿಯಮಗಳು ಮೇಲಿನಿಂದ ಕೆಳಕ್ಕೇ ನಡೆಯುತ್ತವೆ. ಆದರೆ ಸರಣಿ ರೂಪದ ಉಪಕರಣದಲ್ಲಿಯೂ ಬಹುಕವಲಿನ ಶಿಸ್ತನ್ನು ಪಾಲಿಸಲು ಅಡ್ಡಿಯೇನಿಲ್ಲ. ಪ್ರತಿ ನಿಯಮವೂ ಒಂದೇ ಗುಣಲಕ್ಷಣವನ್ನು ಬೇರೆಬೇರೆ ಮೌಲ್ಯಗಳಿಗೆ ಹೋಲಿಸಲಿ. ಆಗ ನಿಯಮಗಳ ಕ್ರಮವನ್ನು ಅದಲುಬದಲು ಮಾಡಿದರೂ ಫಲ ಬದಲಾಗದು. ಕ್ರಮ ಬದಲಿಸಿದರೆ ಫಲ ಬದಲಾಗುವ ಜೋಡಿ ಎಲ್ಲಿ ಸಿಕ್ಕಿತೋ ಅಲ್ಲಿ ಕವಲುಗಳು ಒಂದರ ಮೇಲೊಂದು ಬಿದ್ದಿವೆ ಎಂದರ್ಥ. ಇದು ಯಾವ ಉಪಕರಣದ ಮೇಲೂ, ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ.

ಇಬ್ಬರೋ ಮೂವರೋ ಇರುವ ಊರಿನ ಕಾಲೇಜಿನ ಐ.ಟಿ. ವಿಭಾಗಕ್ಕೆ ಇಷ್ಟೆಲ್ಲ ಯಾಕೆ, ಒಂದೇ ಪಾಸ್‌ವರ್ಡ್ ಗೋಡೆಗೆ ಅಂಟಿಸಿದರೆ ಸಾಲದೇ ಎಂಬುದು ಕೊನೆಯ ಆಕ್ಷೇಪ. ಆದರೆ ಸಿಬ್ಬಂದಿ ಕಡಿಮೆ ಇರುವುದೇ ಈ ಶಿಸ್ತಿನ ಪರವಾದ ದೊಡ್ಡ ಕಾರಣ. ದೊಡ್ಡ ಸಂಸ್ಥೆಯಲ್ಲಿ ನೂರು ನಿಯಮಗಳ ಸರಣಿಯನ್ನು ಕಾಯಲು ಒಂದು ತಂಡವೇ ಇರುತ್ತದೆ. ಇಲ್ಲಿ ನೀತಿ ಬರೆದವರು ಬೆಂಗಳೂರಿಗೆ ಕೆಲಸ ಬದಲಿಸಿ ಹೋದ ಮೇಲೆ, ಅವರ ಜಾಗಕ್ಕೆ ಬಂದವರು ಹಳೆಯ ನಿಯಮಗಳನ್ನು ಮುಟ್ಟಲು ಹೆದರಿ ಹೊಸ ನಿಯಮಗಳನ್ನು ಕೆಳಗೆ ಸೇರಿಸುತ್ತ ಹೋಗುತ್ತಾರೆ. ಸರಣಿ ಬೆಳೆಯುವುದೇ ಹೀಗೆ. ಅರ್ಧ ಪುಟದ ಕವಲುಪಟ್ಟಿಯನ್ನು ಹೊಸಬರೂ ಒಂದು ದಿನದಲ್ಲಿ ಅರ್ಥ ಮಾಡಿಕೊಳ್ಳಬಲ್ಲರು.

ಹೊಣೆ ಮತ್ತು ಮಿತಿ

ಭಾರತದಲ್ಲಿ ಸಾರ್ವಜನಿಕ ವೈಫೈ ಕೊಡುವವರು ಬಳಕೆದಾರರನ್ನು ಗುರುತಿಸಿಯೇ ಒಳಬಿಡಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲಿಯೇ ಸೂಚಿಸಿತ್ತು. ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆಗಳನ್ನು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಗ್ರಹಿಸಿದ ಮಾಹಿತಿಗೆ ಉದ್ದೇಶದ ಮಿತಿ ಹಾಕಿದೆ. ಆರು ಗಂಟೆಯೊಳಗೆ ‘ಯಾರು, ಯಾವ ನಿಯಮದ ಮೇಲೆ ಒಳಬಂದರು’ ಎಂದು ಹೇಳಬೇಕಾದ ಸಂಸ್ಥೆಗೆ, ಪ್ರತಿ ಲಾಗಿನ್ ಜೊತೆ ಕವಲಿನ ಹೆಸರೂ ದಾಖಲಾಗಿರುವುದು ಎಷ್ಟು ದೊಡ್ಡ ಅನುಕೂಲವೆಂದು ವಿವರಿಸಬೇಕಿಲ್ಲ. ಇದೇ ದಾಖಲೆ ಬಳಕೆದಾರರ ಹಕ್ಕನ್ನೂ ಕಾಯುತ್ತದೆ. ಸಂಪರ್ಕ ನಿರಾಕರಿಸಲ್ಪಟ್ಟ ವಿದ್ಯಾರ್ಥಿಗೆ ‘ಸಿಸ್ಟಮ್ ಬಿಡುತ್ತಿಲ್ಲ’ ಎಂಬ ಉತ್ತರ ಅನ್ಯಾಯ. ‘ನಿಮ್ಮ ವರ್ಗ ದಾಖಲಾಗಿಲ್ಲ, ಆದ್ದರಿಂದ ಕೊನೆಯ ಕವಲಿಗೆ ಬಿದ್ದಿದ್ದೀರಿ’ ಎಂದು ಹೇಳಿದರೆ ಅವರು ಕಚೇರಿಗೆ ಹೋಗಿ ಅದನ್ನು ಸರಿಪಡಿಸಿಕೊಳ್ಳಬಲ್ಲರು.

ಈ ವಿಧಾನಕ್ಕೆ ಮಿತಿಗಳಿವೆ. ಕವಲು ಎಷ್ಟೇ ಸ್ಪಷ್ಟವಾಗಿದ್ದರೂ ಅದಕ್ಕೆ ಒದಗುವ ಮಾಹಿತಿ ಸುಳ್ಳಾದರೆ ತೀರ್ಮಾನವೂ ಸುಳ್ಳಾಗುತ್ತದೆ. ಪಾಸಾಗಿ ಹೋದ ವಿದ್ಯಾರ್ಥಿಯ ಖಾತೆಯನ್ನು ಮುಚ್ಚದಿದ್ದರೆ ಯಾವ ಕೇಸೂ ಅದನ್ನು ಹಿಡಿಯಲಾರದು. ತೀರ್ಮಾನವನ್ನು ಹೊತ್ತು ತರುವ ಸಂದೇಶವೂ ಸುರಕ್ಷಿತವಾಗಿರಬೇಕು. 2024ರ ಜುಲೈನಲ್ಲಿ ಬಹಿರಂಗವಾದ ಬ್ಲಾಸ್ಟ್-ರೇಡಿಯಸ್ ದೋಷ, ನಡುವೆ ಕುಳಿತ ದಾಳಿಕೋರರು ಕೆಲವು ಸಂದರ್ಭಗಳಲ್ಲಿ ‘ನಿರಾಕರಿಸಿದೆ’ ಎಂಬ ಉತ್ತರವನ್ನೇ ‘ಒಪ್ಪಿದೆ’ ಎಂದು ಬದಲಿಸಬಹುದೆಂದು ತೋರಿಸಿತು. ರೇಡಿಯಸ್ ನೆಚ್ಚಿಕೊಂಡಿದ್ದ ಎಂಡಿ5 ಎಂಬ ಹಳೆಯ ಗೂಢಲಿಪಿ ವಿಧಾನದ ದೌರ್ಬಲ್ಯ ಅದಕ್ಕೆ ಕಾರಣವಾಗಿತ್ತು. ಅಮೆರಿಕದ ನಿಸ್ಟ್ ಸಂಸ್ಥೆ 2020ರ ಆಗಸ್ಟ್‌ನಲ್ಲಿ ಪ್ರಕಟಿಸಿದ ‘ಶೂನ್ಯ ವಿಶ್ವಾಸ’ ಮಾರ್ಗದರ್ಶಿಯ ದಾರಿಯಲ್ಲಿ, ಬಾಗಿಲಲ್ಲಿ ಒಮ್ಮೆ ಕೇಳಿದ ಪ್ರಶ್ನೆಯನ್ನು ಪ್ರತಿ ಸಂಪನ್ಮೂಲದ ಮುಂದೆಯೂ ಮತ್ತೆ ಕೇಳುವ ವ್ಯವಸ್ಥೆಗಳು ಬರುತ್ತಿವೆ. ತೀರ್ಮಾನಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳ ರೂಪ ಸರಳವಾಗಿರಬೇಕಾದ ಅಗತ್ಯ ಹೆಚ್ಚುತ್ತದೆ. ಬೆಂಜನಪದವು, ಉಜಿರೆ, ಮಿಜಾರುಗಳ ತರಗತಿಗಳಲ್ಲಿ ಕೇಸ್ ಹೇಳಿಕೆಯನ್ನು ಮೊದಲ ವರ್ಷದ ಪ್ರೋಗ್ರಾಮಿಂಗ್ ಪಾಠವಾಗಿ ಕಲಿಯುವ ವಿದ್ಯಾರ್ಥಿಗಳೇ ನಾಳೆ ಇಂಥ ನೀತಿಗಳನ್ನು ಬರೆಯುವವರು. ಕವಲುಗಳು ಒಂದರ ಮೇಲೊಂದು ಬೀಳದಿರಲಿ, ಯಾರೂ ಬಿಟ್ಟುಹೋಗದಿರಲಿ, ಕೊನೆಯ ಕವಲು ಬಿಗಿಯಾಗಿರಲಿ, ಉತ್ತರ ಸಿಗದ ಹೊತ್ತಿಗೂ ಒಂದು ಕವಲಿರಲಿ: ಈ ನಾಲ್ಕು ಷರತ್ತುಗಳನ್ನು ಆ ಪಾಠದ ಜೊತೆಗೇ ಕಲಿಸಿದರೆ ಜಾಲದ ಭದ್ರತೆಯೂ ಬಳಕೆದಾರರಿಗೆ ಸಲ್ಲಬೇಕಾದ ನ್ಯಾಯವೂ ಒಂದೇ ಬರವಣಿಗೆಯಲ್ಲಿ ಸಿದ್ಧಿಸುತ್ತವೆ.